ಹದಿಮೂರು ತಿಂಗಳು ತಡವಾಗಿ ಬಂದ ಸ್ವಾತಂತ್ರ್ಯಕ್ಕೆ ಒಂದು ಜಾಗ ಬೇಕು

ನಮ್ಮ ತಾಲ್ಲೂಕು ಪಂಚಾಯಿತಿ ಕಚೇರಿಯ ಅಂಗಳದಲ್ಲಿ ಒಂದು ಕಲ್ಲಿನ ಕಂಬ ಇದೆ. 1972ರಲ್ಲಿ ಸ್ವಾತಂತ್ರ್ಯಕ್ಕೆ 25 ವರ್ಷ ತುಂಬಿದಾಗ ದೇಶದ ಬ್ಲಾಕ್ ಕೇಂದ್ರಗಳಲ್ಲೆಲ್ಲ ಇಂಥ ಕಂಬ ನಿಲ್ಲಿಸಿದ್ದರು. ಒಂದು ಬದಿಗೆ ಸಂವಿಧಾನದ ಪ್ರಸ್ತಾವನೆ, ಇನ್ನೊಂದು ಬದಿಗೆ ಊರಿನ ಹೋರಾಟಗಾರರ ಹೆಸರು. ಹೋದ ಸಲ ನೋಡಿದಾಗ ಅದಕ್ಕೆ ಎರಡು ಬೈಕ್ ಆನಿಸಿ ನಿಲ್ಲಿಸಿದ್ದರು. ಸುಣ್ಣದ ಮೇಲೆ ಸುಣ್ಣ ಬಳಿದು ಅಕ್ಷರ ತುಂಬಿಹೋಗಿವೆ. ಒಂದು ಹೆಸರಿನಲ್ಲಿ ಓದೋಕೆ ಸಿಕ್ಕಿದ್ದು ಕೊನೆಯ 'ಪ್ಪ' ಮಾತ್ರ. ಮಲ್ಲಪ್ಪನೋ, ಸಿದ್ದಪ್ಪನೋ, ಬಸಪ್ಪನೋ ಯಾರಿಗೆ ಗೊತ್ತು?

ಪ್ರತಿ ಸೆಪ್ಟೆಂಬರ್‌ನಲ್ಲಿ ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಸ್ಮಾರಕದ ಮಾತು ಏಳುತ್ತದೆ. ಹೈದರಾಬಾದ್ ವಿಮೋಚನೆಗೆ, ಅಂದರೆ 1948ರ ಸೆಪ್ಟೆಂಬರ್ 17ಕ್ಕೆ ಈ ಭಾಗ ಹೈದರಾಬಾದಿನ ನಿಜಾಮನ ಕೈಯಿಂದ ಬಿಡಿಸಿಕೊಂಡು ಭಾರತಕ್ಕೆ ಸೇರಿದ್ದಕ್ಕೆ, ರಾಷ್ಟ್ರ ಮಟ್ಟದ ಒಂದು ಪಾರಂಪರಿಕ ಉದ್ಯಾನ ಆಗಬೇಕು, ಮಕ್ಕಳು ಬಂದು ನೋಡುವಂತಿರಬೇಕು ಅನ್ನುವ ಆಸೆ ಅದು. ಅಕ್ಟೋಬರ್ ಬರುವ ಹೊತ್ತಿಗೆ ಮಾತು ತೊಗರಿ ಹೊಲದ ಕಡೆ ತಿರುಗಿರುತ್ತದೆ. ಆಸೆ ಸರಿಯಾದದ್ದೇ. ಆದರೆ ಪಾರ್ಕಿನಲ್ಲಿ ಏನಿಡಬೇಕು ಎಂದು ಕೇಳಿದರೆ ಹತ್ತು ಜನ ಹತ್ತು ಕಥೆ ಹೇಳುತ್ತಾರೆ. ಆ ಕಥೆಗಳು ಯಾಕೆ ಬೇರೆಬೇರೆ ಆದವು ಅನ್ನೋದು ಗೊತ್ತಾಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಎಲ್ಲಿಯವರೆಗೆ ಅಂದರೆ, ನಾನಂತೂ ಸುರಪುರದವರೆಗೆ ಹೋಗುತ್ತೇನೆ. ಸುರಪುರದ ದೊರೆ ರಾಜಾ ವೆಂಕಟಪ್ಪ ನಾಯಕ ಚಿಕ್ಕವನಿದ್ದಾಗ ಸಂಸ್ಥಾನ ನೋಡಿಕೊಂಡವನು ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್. ಹುಡುಗ ಅವನನ್ನು 'ಅಪ್ಪಾ' ಎಂದೇ ಕರೆಯುತ್ತಿದ್ದ. ಅದೇ ಹುಡುಗ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ. ಫೆಬ್ರವರಿಯಲ್ಲಿ ಸುರಪುರದ ಮೇಲೆ ಸೈನ್ಯ ಬಂತು, ನಾಯಕ ಹೈದರಾಬಾದಿಗೆ ಹೋಗಿ ಸಿಕ್ಕಿಬಿದ್ದ. ಸೆರೆಗೆ ಒಯ್ಯುವ ದಾರಿಯಲ್ಲಿ ಪಿಸ್ತೂಲಿನ ಗುಂಡು ತಗುಲಿ ಸತ್ತ. ತಾನೇ ಹೊಡೆದುಕೊಂಡನೋ, ಬೇರೆಯವರು ಹೊಡೆದರೋ ಎಂಬ ವಾದ ಇನ್ನೂ ನಿಂತಿಲ್ಲ. ಮುಂದೆ ಬ್ರಿಟಿಷರು ಸುರಪುರವನ್ನು ನಿಜಾಮನಿಗೆ ಕೊಟ್ಟುಬಿಟ್ಟರು. 1857ರ ಗಲಾಟೆಯಲ್ಲಿ ತಮ್ಮ ಕಡೆ ನಿಂತದ್ದಕ್ಕೆ ಇನಾಮು. ಟೇಲರ್ ಕಟ್ಟಿಸಿದ ಬಂಗಲೆ ಇವತ್ತೂ ಸುರಪುರದ ಗುಡ್ಡದ ಮೇಲಿದೆ. ಎರಡು ಹೋರಾಟಗಳ ಗಂಟು ಅಲ್ಲೇ ಬಿದ್ದಿದ್ದು. ಬ್ರಿಟಿಷರ ಮೇಲೆ ಎದ್ದ ನಾಡೇ ನಿಜಾಮನ ಕೈಸೇರಿತು.

ನಿಜಾಮನ ರಾಜ್ಯದಲ್ಲಿ 16 ಜಿಲ್ಲೆಗಳು. ಎಂಟು ತೆಲುಗಿನವು, ಐದು ಮರಾಠಿಯವು. ಬೀದರ್, ಗುಲಬರ್ಗಾ, ರಾಯಚೂರು, ಈ ಮೂರೇ ನಮ್ಮವು. ಕಚೇರಿ, ಕೋರ್ಟು, ಕಾಲೇಜು ಎಲ್ಲ ಉರ್ದುವಿನಲ್ಲಿ. ದುಡ್ಡೂ ಬೇರೆ. ನಿಜಾಮನದು 'ಹಾಲಿ', ಬ್ರಿಟಿಷರದು 'ಕಲ್ದಾರ್'. ಏಳು ಹಾಲಿ ಕೊಟ್ಟರೆ ಆರು ಕಲ್ದಾರ್. ಗಡಿಯಲ್ಲಿ ಕರೋಡಗಿರಿ ನಾಕಾ, ಅಂದರೆ ಸುಂಕದ ಕಟ್ಟೆ. ಸೊಲ್ಲಾಪುರದಿಂದ ಒಂದು ಗಂಟು ಬಟ್ಟೆ ತಂದರೂ ಬಿಚ್ಚಿ ತೋರಿಸಬೇಕು. ಸಭೆ ಮಾಡೋಕೆ ಮೊದಲೇ ಅಪ್ಪಣೆ ಕೇಳಬೇಕು ಅನ್ನುವ 'ಗಸ್ತಿ ನಿಶಾನ್ 53' ಎಂಬ ಸುತ್ತೋಲೆ ಬೇರೆ. ಇದರ ನಡುವೆಯೇ 1907ರಲ್ಲಿ ಕಲಬುರಗಿಯಲ್ಲಿ ನೂತನ ವಿದ್ಯಾಲಯ ಶುರುವಾಯಿತು. ಈ ಭಾಗದ ಹೋರಾಟದ ಮೊದಲ ಬೀಜ ಬಿದ್ದಿದ್ದು ಇಂಥ ಶಾಲೆಗಳಲ್ಲಿ. ಮೈದಾನ, ಮೆರವಣಿಗೆ ಎಲ್ಲ ಆಮೇಲೆ ಬಂದವು.

1938 ಬಿಸಿ ವರ್ಷ. ಆ ವರ್ಷ ಹುಟ್ಟಿದ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿಗೆ ಕಣ್ಣು ಬಿಡುವ ಮೊದಲೇ ನಿಷೇಧ. ಅದು ತೆರವಾಗಿದ್ದು 1946ರಲ್ಲಿ. ಕಾಲೇಜಿನಲ್ಲಿ 'ವಂದೇ ಮಾತರಂ' ಹಾಡಿದ್ದಕ್ಕೆ ವಿದ್ಯಾರ್ಥಿಗಳನ್ನು ಹೊರಗೆ ಹಾಕಿದರು. ಆರ್ಯ ಸಮಾಜದ ಚಳವಳಿಯಲ್ಲಿ ಸೆರೆಗೆ ಹೋದ ಉದಗೀರಿನ ಶ್ಯಾಮಲಾಲರು ಬೀದರ್ ಜೈಲಿನಲ್ಲೇ ತೀರಿಕೊಂಡರು. ಹೈದರಾಬಾದಿನ ಇಡೀ ಸ್ವಾತಂತ್ರ್ಯ ಚಳವಳಿಗೆ ಮುಂದಾಳಾದ ಸ್ವಾಮಿ ರಮಾನಂದ ತೀರ್ಥರು ಹುಟ್ಟಿದ್ದು ನಮ್ಮ ಪಕ್ಕದ ಸಿಂದಗಿಯಲ್ಲಿ. ಅದು ನಮ್ಮಲ್ಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ.

1947ರ ಆಗಸ್ಟ್ 15ಕ್ಕೆ ದೆಹಲಿಯಲ್ಲಿ ಬಾವುಟ ಏರಿತು. ಇಲ್ಲಿ ಬಾವುಟ ಹಿಡಿದವರು ಜೈಲಿಗೆ ಹೋದರು. ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಭಾರತಕ್ಕೆ ಸೇರಲಿಲ್ಲ. ನವೆಂಬರ್‌ನಲ್ಲಿ ಅವನಿಗೂ ಭಾರತಕ್ಕೂ ನಡುವೆ, ಎಲ್ಲ ಇದ್ದ ಹಾಗೇ ಇರಲಿ ಅನ್ನುವ ಒಂದು ವರ್ಷದ ಯಥಾಸ್ಥಿತಿ ಒಪ್ಪಂದ ಆಯಿತು. ಲಾತೂರಿನ ವಕೀಲ ಕಾಸಿಂ ರಜ್ವಿಯ ರಜಾಕಾರರು, ಅಂದರೆ ನಿಜಾಮನ ಪರ ನಿಂತ ಶಸ್ತ್ರ ಹಿಡಿದ ಸ್ವಯಂಸೇವಕರು, ಊರೂರು ಸುತ್ತತೊಡಗಿದರು. ನಮ್ಮ ಕಡೆ ಹಳಬರು ವಯಸ್ಸು ಲೆಕ್ಕ ಹಾಕುವುದು ಇಸವಿಯಿಂದಲ್ಲ. 'ರಜಾಕಾರರ ಹಾವಳಿ'ಯಿಂದ. ನಮ್ಮ ಆಯಿ ಹೇಳುತ್ತಿದ್ದರು: "ಹಾವಳ್ಯಾಗ ನಿಮ್ಮಪ್ಪ ಇನ್ನಾ ತೊಟ್ಟಿಲಾಗ ಇದ್ದ. ಡಾಬು, ಸರಗಿ ಎಲ್ಲಾ ಹಗೇವಿನಾಗ ಹೂತಿಟ್ಟು ರಾತ್ರೋರಾತ್ರಿ ಗಾಡಿ ಹೂಡಿದೆವು." ಹಗೇವು ಅಂದರೆ ಜೋಳ ತುಂಬಿಡೋ ನೆಲದ ಕಣಜ. ತಿರುಗಿ ಬಂದಾಗ ಜೋಳ ಮುಗ್ಗಲು ಹಿಡಿದಿತ್ತಂತೆ, ಡಾಬು ಮಾತ್ರ ಹಾಗೇ ಇತ್ತಂತೆ. ಆಯಿಗೆ ಸಿಟ್ಟಿದ್ದದ್ದು ಜೋಳ ಹೋದದ್ದಕ್ಕೇ.

ಗಾಡಿ ಹೂಡಿಕೊಂಡು ಜನ ಹೋಗಿದ್ದು ಗಡಿ ದಾಟಿ, ಮುಂಬೈ ಪ್ರಾಂತದ ಕಡೆಗೆ. ಅಲ್ಲೇ ಶಿಬಿರಗಳು ಎದ್ದವು. ಮುಂಡರಗಿ ಶಿಬಿರಕ್ಕೆ ಅಳವಂಡಿ ಶಿವಮೂರ್ತಿಸ್ವಾಮಿ, ಗಜೇಂದ್ರಗಡಕ್ಕೆ ಪುಂಡಲೀಕಪ್ಪ ಜ್ಞಾನಮೋಠೆ. ನಮ್ಮ ಕಡೆ ರಜಾಕಾರರಿಗೆ ಎದುರು ನಿಂತ ಶರಣಗೌಡ ಇನಾಮದಾರರನ್ನು ಜನ ಇವತ್ತಿಗೂ 'ಸರ್ದಾರ್' ಎಂದೇ ಕರೆಯುತ್ತಾರೆ. ಯಾದಗಿರಿಯ ಕಡೆ ಕೋಲೂರು ಮಲ್ಲಪ್ಪನವರ ಹೆಸರು ಬರುತ್ತದೆ. ಶಿಬಿರದ ಹುಡುಗರ ಕೆಲಸ ಏನು? ಕರೋಡಗಿರಿ ನಾಕಾ ಮೇಲೆ ಬೀಳುವುದು, ನಿಜಾಮನ ಬೊಕ್ಕಸಕ್ಕೆ ಅಬಕಾರಿ ದುಡ್ಡು ತರುತ್ತಿದ್ದ ಸಿಂದಿ ಮರ ಕಡಿಯುವುದು, ಕತ್ತಲಾದ ಮೇಲೆ ಊರಿಗೆ ನುಗ್ಗಿ ಬಾವುಟ ಹಾರಿಸಿ ಬರುವುದು. ಒಂದು ಕೊಡಲಿಯ ಏಟಿಗೆ ಸರ್ಕಾರದ ಆದಾಯ ಕಡಿಮೆಯಾಗುತ್ತದೆ ಅನ್ನುವ ಲೆಕ್ಕ ನನಗೆ ಬಹಳ ಇಷ್ಟ.

ಇನ್ನು ಗೋರಟಾ. ಬಸವಕಲ್ಯಾಣ ಸೀಮೆಯ ಈ ಊರಿನ ಮೇಲೆ 1948ರ ಮೇ 9ರಂದು ರಜಾಕಾರರು ಬಿದ್ದರು. ಊರವರು ತ್ರಿವರ್ಣ ಧ್ವಜ ಹಾರಿಸಿದ್ದೇ ಸಿಟ್ಟಿಗೆ ಕಾರಣ. ಸುಮಾರು 200 ಜನ ಸತ್ತರು. ಊರಿನ ದೊಡ್ಡ ಮನೆಯೊಂದರಲ್ಲಿ ಅಡಗಿದ್ದ ನೂರಾರು ಜನ ಉಳಿದುಕೊಂಡರು. ದಪ್ಪ ಗೋಡೆಯ, ಒಂದೇ ದೊಡ್ಡ ಬಾಗಿಲಿನ ವಾಡೆಗಳನ್ನು ಈ ಕಡೆ ನೋಡಿದವರಿಗೆ ಅದು ಹೇಗೆ ಸಾಧ್ಯವಾಯಿತು ಅನ್ನೋದು ಅರ್ಥವಾಗುತ್ತದೆ. 'ನಮ್ಮ ಜಲಿಯನ್‌ವಾಲಾಬಾಗ್' ಎಂದು ಭಾಷಣಗಳಲ್ಲಿ ಹೇಳುವುದುಂಟು. ನನಗೆ ಆ ಹೋಲಿಕೆ ಬೇಡ. ಗೋರಟಾ ಗೋರಟಾನೇ.

ಸೆಪ್ಟೆಂಬರ್ 13ರ ಬೆಳಗಿನ ಜಾವ ಭಾರತದ ಸೈನ್ಯ ಸೊಲ್ಲಾಪುರದ ಕಡೆಯಿಂದ ಒಳಗೆ ಬಂತು. ನಳದುರ್ಗ, ಉಮರ್ಗಾ, ರಾಜೇಶ್ವರ, ಜಹೀರಾಬಾದ್. ನಾವು ಇವತ್ತು ಹೈದರಾಬಾದಿಗೆ ಬಸ್ಸಿನಲ್ಲಿ ಹೋಗುತ್ತೇವಲ್ಲ, ಹೆಚ್ಚುಕಡಿಮೆ ಅದೇ ರಸ್ತೆ. ಐದು ದಿನ. 17ರಂದು ನಿಜಾಮ ಶರಣಾದ. ಮರುದಿನ ಮೇಜರ್ ಜನರಲ್ ಜೆ.ಎನ್. ಚೌಧುರಿ ಮಿಲಿಟರಿ ಗವರ್ನರ್ ಆದರು. ಸರ್ಕಾರ ಇದಕ್ಕೆ ಇಟ್ಟ ಹೆಸರು 'ಪೊಲೀಸ್ ಆಕ್ಷನ್'. ಟ್ಯಾಂಕು, ವಿಮಾನ ಬಂದ ಮೇಲೂ ಪೊಲೀಸ್ ಅಂತೆ! ದೇಶದ ಒಳಗಿನ ವಿಷಯ, ಹೊರಗಿನವರು ತಲೆ ಹಾಕಬೇಡಿ ಅನ್ನುವುದು ಅದರ ಅರ್ಥ. ಆಯಿಯಂಥವರ ಬಾಯಲ್ಲಿ ಅದು 'ಪೋಲಿಸ್ ಯಾಕ್ಷನ್' ಆಗಿ ಉಳಿಯಿತು.

ಇಲ್ಲಿಗೆ ಕಥೆ ಮುಗಿಸಿದರೆ ಪಾರ್ಕು ಕಟ್ಟೋದು ಸುಲಭ. ಆದರೆ ಮುಗಿಯಲಿಲ್ಲ. ರಜಾಕಾರರು ಮಾಡಿದ್ದಕ್ಕೆ ಆಮೇಲಿನ ವಾರಗಳಲ್ಲಿ ಬೆಲೆ ತೆತ್ತವರು ಬೇರೆ ಯಾರೋ. ಸಾಮಾನ್ಯ ಮುಸ್ಲಿಮರ ಮೇಲೆ ದಾಳಿಗಳಾದವು. ಕೇಂದ್ರ ಸರ್ಕಾರ ಪಂಡಿತ ಸುಂದರಲಾಲರ ತಂಡ ಕಳಿಸಿತು. ಸತ್ತವರು 27 ಸಾವಿರದಿಂದ 40 ಸಾವಿರ ಇರಬಹುದು ಎಂದು ತಂಡ ಅಂದಾಜು ಮಾಡಿತು. ಹೆಚ್ಚು ಪೆಟ್ಟು ತಿಂದ ನಾಲ್ಕು ಜಿಲ್ಲೆಗಳಲ್ಲಿ ಉಸ್ಮಾನಾಬಾದ್, ನಾಂದೇಡ್ ಜೊತೆಗೆ ನಮ್ಮ ಗುಲಬರ್ಗಾ, ಬೀದರ್ ಎರಡೂ ಇದ್ದವು. ಆ ವರದಿ ದಶಕಗಳ ಕಾಲ ಜನರ ಕೈಗೆ ಸಿಗಲಿಲ್ಲ. ಇನ್ನೊಂದು ಮಾತೂ ಇದೆ. ಭಾರತಕ್ಕೆ ಸೇರಬೇಕು ಎಂದು ಬರೆದದ್ದಕ್ಕೆ 'ಇಮ್ರೋಜ್' ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನ್‌ರನ್ನು ರಜಾಕಾರರು 1948ರ ಆಗಸ್ಟ್‌ನಲ್ಲಿ ಕೊಂದರು. ಹಿಂದೂ-ಮುಸ್ಲಿಂ ಎಂದು ಎರಡು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚುವ ಕಥೆ ಅಲ್ಲ ಇದು.

ಹಾಗಾದರೆ ಇಷ್ಟು ದೊಡ್ಡ ವಿಷಯಕ್ಕೆ ನೆನಪಿನ ಜಾಗ ಯಾಕೆ ಆಗಲಿಲ್ಲ? ನನಗೆ ತೋಚುವ ದೊಡ್ಡ ಕಾರಣ 1956. ಆ ವರ್ಷ ನವೆಂಬರ್ 1ಕ್ಕೆ ಹೈದರಾಬಾದ್ ರಾಜ್ಯವೇ ಇಲ್ಲವಾಯಿತು. ಬೀದರ್ ಜಿಲ್ಲೆ ಒಡೆದು ಉದಗೀರ್, ನಿಲಂಗಾ ಒಂದು ಕಡೆ, ಜಹೀರಾಬಾದ್ ಒಂದು ಕಡೆ, ಉಳಿದದ್ದು ಮೈಸೂರಿಗೆ. ಒಂದೇ ಜೈಲಿನಲ್ಲಿ ಕೂತಿದ್ದವರು ಮೂರು ರಾಜ್ಯದವರಾದರು. ಹಳೆಯ ಕಡತಗಳು ಹೈದರಾಬಾದಿನಲ್ಲಿ ಉಳಿದವು, ಅದೂ ಉರ್ದುವಿನಲ್ಲಿ. ಬೆಂಗಳೂರಿನ ಪಠ್ಯಪುಸ್ತಕ ಬರೆಯುವವರಿಗೆ ಶಿವಪುರ, ಈಸೂರು, ವಿದುರಾಶ್ವತ್ಥ ಹತ್ತಿರ. ಗೋರಟಾ ದೂರ. ವಿದುರಾಶ್ವತ್ಥದಲ್ಲಿ ವೀರಸೌಧ ಎದ್ದಿತು, ಒಳಗೆ ಚಿತ್ರಗಳ ಗ್ಯಾಲರಿ. ಬೆಂಗಳೂರಿನ ಹಳೇ ಸೆಂಟ್ರಲ್ ಜೈಲು ಫ್ರೀಡಂ ಪಾರ್ಕ್ ಆಯಿತು. ನಮ್ಮ ಕಡೆ ಕಂಬಕ್ಕೆ ಸುಣ್ಣ ಬಳಿದರು.

ನಾವು ಜಾಸ್ತಿ ಜಗಳ ಆಡಿದ್ದು ಹೆಸರಿನ ಮೇಲೆ. ಇದು ವಿಮೋಚನೆಯೋ, ವಿಲೀನವೋ, ಏಕೀಕರಣವೋ? ಕಲಬುರಗಿಯಲ್ಲಿ ಸೆಪ್ಟೆಂಬರ್ 17ಕ್ಕೆ ಸರ್ದಾರ್ ಪಟೇಲರ ಪ್ರತಿಮೆಗೆ ಹಾರ ಹಾಕಿ ಬಾವುಟ ಹಾರಿಸುವ ಸರ್ಕಾರಿ ಕಾರ್ಯಕ್ರಮ ಬರಲು ಎಷ್ಟೋ ವರ್ಷ ಹಿಡಿಯಿತು. 2019ರಲ್ಲಿ ಹೈದರಾಬಾದ್ ಕರ್ನಾಟಕ 'ಕಲ್ಯಾಣ ಕರ್ನಾಟಕ' ಆಯಿತು, ವಿಮೋಚನಾ ದಿನ 'ಕಲ್ಯಾಣ ಕರ್ನಾಟಕ ಉತ್ಸವ ದಿನ' ಆಯಿತು. ಹೊಸ ಹೆಸರು ಚೆನ್ನಾಗಿದೆ, ಬಸವಣ್ಣನ ಕಲ್ಯಾಣ ಅದರಲ್ಲಿದೆ. ಆದರೆ 'ಉತ್ಸವ' ಅಂದ ಕೂಡಲೇ ಯಾತಕ್ಕೆ ಉತ್ಸವ ಅನ್ನೋದು ಮಕ್ಕಳಿಗೆ ತಿಳಿಯುವುದಿಲ್ಲ ಅಲ್ವಾ?

ಗೋರಟಾದಲ್ಲಿ ಮಾತ್ರ ಕೆಲಸ ಆಯಿತು. 2014ರಲ್ಲಿ ಅಡಿಗಲ್ಲು, 2023ರ ಮಾರ್ಚ್ 26ಕ್ಕೆ ಅಮಿತ್ ಶಾ ಅವರಿಂದ ಹುತಾತ್ಮರ ಸ್ಮಾರಕ, ಪಟೇಲರ ಸ್ಮಾರಕ, 103 ಅಡಿ ಎತ್ತರದ ಧ್ವಜಸ್ತಂಭದ ಉದ್ಘಾಟನೆ. ಚುನಾವಣೆ ಹತ್ತಿರವಿತ್ತು ಎಂದು ಗೊಣಗಿದವರಿದ್ದರು. ಇರಲಿ, 75 ವರ್ಷದಲ್ಲಿ ಬೇರೆಯವರಿಗೆ ಯಾರು ಅಡ್ಡ ಬಂದಿದ್ದರು?

ಆದರೆ ಧ್ವಜಸ್ತಂಭ ಇಡೀ ಕಥೆ ಹೇಳುವುದಿಲ್ಲ. ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದಲ್ಲಿ ಫ್ರೀಡಂ ಪಾರ್ಕ್ ಕಟ್ಟಿದಾಗ ಒಂಬತ್ತೂ ಪ್ರಾಂತಗಳಿಂದ ಒಂದೊಂದು ಬಂಡೆ ತಂದು ಸುತ್ತ ಇಟ್ಟರು, ಗೋಡೆಯ ಮೇಲೆ ಸಾವಿರಾರು ಹೆಸರು ಕೆತ್ತಿದರು. ಯಾರ ಹೆಸರು ಸೇರಬೇಕು, ಯಾರದು ಬೇಡ ಎಂದು ಅಲ್ಲೂ ದೊಡ್ಡ ಜಗಳವೇ ಆಯಿತು. ಜಲಿಯನ್‌ವಾಲಾಬಾಗನ್ನು 2021ರಲ್ಲಿ ಹೊಸದು ಮಾಡಿದಾಗ, ಆ ಇಕ್ಕಟ್ಟಿನ ಓಣಿಯ ಗೋಡೆಗೆ ಉಬ್ಬುಶಿಲ್ಪ ಅಂಟಿಸಿ, ಲೈಟ್ ಶೋ ಹಾಕಿ ಹಳೆಯ ಗಾಯ ಮುಚ್ಚಿದರು ಎಂದು ಬೈಸಿಕೊಂಡರು. ನಮ್ಮಲ್ಲೂ ಲಾನು, ಕಾರಂಜಿ, ಸೆಲ್ಫಿ ಪಾಯಿಂಟ್ ಮಾಡಿ ಬಿಲ್ ಎತ್ತುವುದು ಕಷ್ಟವಲ್ಲ. ನನ್ನ ಕೇಳಿದರೆ ಪಾರ್ಕು ಒಂದೇ ಕಡೆ ಇರಬೇಕಿಲ್ಲ. ಸುರಪುರದ ಗುಡ್ಡ, ಬೀದರಿನ ಜೈಲು, ಗೋರಟಾ, ರಾಜೇಶ್ವರದ ರಸ್ತೆ, ಕಲಬುರಗಿಯ ಶಾಲೆ ಇವೇ ಅದರ ಕೋಣೆಗಳು. ಸುಂದರಲಾಲ್ ವರದಿಗೂ ಅಲ್ಲಿ ಒಂದು ಗೋಡೆ ಬೇಕು.

ಎಲ್ಲಕ್ಕಿಂತ ಮೊದಲು ಬೇಕಾದ ಸಾಮಾನು ಬಹುಶಃ ನಮ್ಮ ಕಚೇರಿಗಳಲ್ಲೇ ಇದೆ. 1972ರ ಆಗಸ್ಟ್‌ನಲ್ಲಿ ಹೋರಾಟಗಾರರಿಗೆ ಕೇಂದ್ರದ ಪಿಂಚಣಿ ಶುರುವಾದಾಗ ಆರು ತಿಂಗಳು ಜೈಲಿನಲ್ಲಿದ್ದ ಪುರಾವೆ ಕೇಳಿದರು. ಶಿಬಿರದಲ್ಲಿದ್ದವರ ಹತ್ತಿರ ಜೈಲಿನ ಕಾಗದ ಎಲ್ಲಿಂದ ಬರಬೇಕು? ಅವರು ಜೈಲು ತಪ್ಪಿಸಿಕೊಂಡೇ ಹೋರಾಡಿದವರು. ಗಡಿ ಶಿಬಿರಗಳಿಗೆ ಮಾನ್ಯತೆ ಸಿಕ್ಕಿದ್ದು ಆಮೇಲೆ. ಆಗ ಮುದುಕರು ಅರ್ಜಿ ಬರೆಸಿದರು. ಯಾವ ಶಿಬಿರ, ಎಷ್ಟು ತಿಂಗಳು, ಜೊತೆಗೆ ಯಾರಿದ್ದರು, ಯಾವ ನಾಕಾ ಮೇಲೆ ಬಿದ್ದೆವು. ಕೆಳಗೆ ಸಹಿ, ಸಹಿ ಬರದವರದು ಹೆಬ್ಬೆಟ್ಟು. ಜೊತೆಗಿದ್ದ ಇನ್ನೊಬ್ಬ ಹೋರಾಟಗಾರನ ದೃಢೀಕರಣ ಪತ್ರ. ಅಂಥ ಕೆಂಪು ಬಟ್ಟೆಯ ಕಟ್ಟು ಎಷ್ಟು ಉಳಿದಿವೆಯೋ ಅಷ್ಟನ್ನು ಈಗಲೇ ಇಳಿಸಿ ಧೂಳು ಜಾಡಿಸಬೇಕು. ನಮ್ಮ ಕಂಬದ ಮೇಲಿನ ಆ 'ಪ್ಪ' ಯಾರು ಅನ್ನೋದು ಸಿಕ್ಕರೆ ಅಲ್ಲೇ ಸಿಗಬೇಕು.