ಆಫ್ ಮಾಡಿದ ಲೈನ್ ಸತ್ತಿಲ್ಲ

ಹೆದ್ದಾರಿ ಪಕ್ಕದ ದೊಡ್ಡ ವಿದ್ಯುತ್ ಟವರ್‌ಗಳನ್ನು ಗಮನಿಸಿ. ಎಷ್ಟೋ ಕಡೆ ಎಡಕ್ಕೆ ಮೂರು ತಂತಿ, ಬಲಕ್ಕೆ ಮೂರು ತಂತಿ ಇರುತ್ತವೆ. ಅವು ಎರಡು ಬೇರೆ ಬೇರೆ ಸರ್ಕ್ಯೂಟ್‌ಗಳು. ಎಡಗಡೆಯದನ್ನು ರಿಪೇರಿಗೆಂದು ಆಫ್ ಮಾಡಿದರೂ ಬಲಗಡೆಯದರಲ್ಲಿ 220 ಕೆ.ವಿ. ಹಾಗೇ ಇರುತ್ತದೆ. ಊರಿಗೆಲ್ಲ ಕರೆಂಟ್ ತೆಗೆಯೋಕೆ ಆಗುವುದಿಲ್ಲ, ಅಲ್ವಾ? ಸಬ್‌ಸ್ಟೇಷನ್‌ನಿಂದ ಲೈನ್ ಕ್ಲಿಯರ್, ಅಂದರೆ ಕೆಲಸ ಮಾಡಲು ಅನುಮತಿ ಸಿಕ್ಕಿದೆ, ಎರಡೂ ತುದಿಯಲ್ಲಿ ಲೈನನ್ನು ಬೇರ್ಪಡಿಸುವ ಸ್ವಿಚ್ (ಐಸೊಲೇಟರ್) ಬಿಚ್ಚಿದೆ. ಆದರೂ ಎಡಗಡೆಯ ತಂತಿಯನ್ನು ಸುಮ್ನೆ ಮುಟ್ಟಿದರೆ ಜೀವ ಹೋಗಬಹುದು.

ಪಕ್ಕದ ಲೈನ್‌ನಿಂದ ವೋಲ್ಟೇಜ್ ಎರಡು ದಾರಿಯಲ್ಲಿ ಬರುತ್ತದೆ. ಮೊದಲನೆಯದು ವಿದ್ಯುತ್ ಕ್ಷೇತ್ರ. 2004ರಲ್ಲಿ ರಿಚರ್ಡ್ ಬಾಕ್ಸ್ ಎಂಬ ಕಲಾವಿದ ಇಂಗ್ಲೆಂಡಿನ ಒಂದು ಹೊಲದಲ್ಲಿ, ಹೈಟೆನ್ಷನ್ ಲೈನ್ ಕೆಳಗೆ ಸಾವಿರಕ್ಕೂ ಹೆಚ್ಚು ಟ್ಯೂಬ್‌ಲೈಟ್ ನೆಟ್ಟಿದ್ದ. ಒಂದಕ್ಕೂ ವೈರ್ ಇರಲಿಲ್ಲ. ಕತ್ತಲಾದ ಮೇಲೆ ಎಲ್ಲವೂ ಬೆಳಗಿದವು. ಟ್ಯೂಬ್ ಬೆಳಗಿಸುವ ಅದೇ ಕ್ಷೇತ್ರ ಪಕ್ಕದ ತಂತಿಯನ್ನು ಬಿಟ್ಟೀತೇ? ಎಲ್ಲೂ ಭೂಮಿಗೆ ತಾಗದೆ ತೇಲುತ್ತಿರುವ ತಂತಿಯ ಮೇಲೆ ಸಾವಿರಾರು ವೋಲ್ಟ್ ಕೂರುತ್ತದೆ. ಇದಕ್ಕೆ ಮದ್ದು ಸುಲಭ. ಒಂದೇ ಕಡೆ ಸರಿಯಾಗಿ ಅರ್ಥಿಂಗ್ ಮಾಡಿದರೂ ಹೆಚ್ಚುಕಡಿಮೆ ಸೊನ್ನೆಗೆ ಇಳಿಯುತ್ತದೆ.

ಎರಡನೆಯದು ಕಾಂತಕ್ಷೇತ್ರ. ಬದಲಾಗುವ ಕಾಂತಕ್ಷೇತ್ರ ತಂತಿಯಲ್ಲಿ ವೋಲ್ಟೇಜ್ ಹುಟ್ಟಿಸುತ್ತದೆ ಎಂಬುದು 1831ರಲ್ಲಿ ಫ್ಯಾರಡೆ ಕಂಡುಕೊಂಡದ್ದು. ಇದು ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಪಕ್ಕದ ಲೈನ್‌ನಲ್ಲಿ ಲೋಡ್ ಜಾಸ್ತಿ ಆದಷ್ಟೂ, ಎರಡೂ ಲೈನ್ ಜೊತೆಜೊತೆಗೆ ದೂರ ಹೋದಷ್ಟೂ ವೋಲ್ಟೇಜ್ ಏರುತ್ತದೆ. ಒಂದು ತುದಿಗೆ ಮಾತ್ರ ಅರ್ಥ್ ಮಾಡಿದರೆ ಅಲ್ಲಿ ಸೊನ್ನೆ, ಉದ್ದದ ಲೈನ್ ಆಗಿದ್ದರೆ ಇನ್ನೊಂದು ತುದಿಯಲ್ಲಿ ನೂರಾರು ವೋಲ್ಟ್. ಎರಡೂ ತುದಿಗೆ ಮಾಡಿದರೆ ನೆಲದ ಮೂಲಕ ಸುತ್ತು ಪೂರ್ತಿಯಾಗಿ, ತಂತಿಯಲ್ಲಿ ಕರೆಂಟ್ ಹರಿಯತೊಡಗುತ್ತದೆ. ಆಗ ಮಧ್ಯದಲ್ಲಿ ಯಾರಾದರೂ ಜಂಪರ್ (ಟವರ್ ಹತ್ತಿರ ಎರಡು ಕಡೆಯ ತಂತಿಯನ್ನು ಕೂಡಿಸುವ ತುಂಡು) ಬಿಚ್ಚಿದರೆ, ಬಿಚ್ಚಿದ ಎರಡು ತುದಿಗಳ ನಡುವೆ ಆ ವೋಲ್ಟೇಜ್ ಎದ್ದು ನಿಲ್ಲುತ್ತದೆ. ಒಂದೊಂದು ಕೈಯಲ್ಲಿ ಒಂದೊಂದು ತುದಿ ಹಿಡಿದವನ ಗತಿ ಹೇಳಬೇಕಾಗಿಲ್ಲ. ಇನ್ನು ಪಕ್ಕದ ಲೈನ್‌ನಲ್ಲೇ ಫಾಲ್ಟ್ ಆಗಿ ಸಾವಿರಾರು ಆಂಪಿಯರ್ ಹರಿದರೆ, ಆ ಗಳಿಗೆಯಲ್ಲಿ ಇದೆಲ್ಲ ಎಷ್ಟೋ ಪಟ್ಟು ಏರುತ್ತದೆ.

ಹಾಗಾಗಿ ಸಬ್‌ಸ್ಟೇಷನ್‌ನಲ್ಲಿ ಅರ್ಥ್ ಸ್ವಿಚ್ ಹಾಕಿದ್ದಾರೆ ಅಂತ ನಂಬಿ ಟವರ್ ಹತ್ತುವಂತಿಲ್ಲ. ಕೆಲಸ ನಡೆಯುವ ಜಾಗದಲ್ಲೇ ತಂತಿಯನ್ನೂ ಟವರ್‌ನ ಕಬ್ಬಿಣವನ್ನೂ ದಪ್ಪ ತಾಮ್ರದ ಕೇಬಲ್‌ನಿಂದ ಬೆಸೆಯಬೇಕು. ಕರೆಂಟ್ ಹರಿಯಲಿ ಬಿಡಿ. ಮೇಲಿರುವವನ ಕೈಗೂ ಕಾಲಿಗೂ ನಡುವೆ ವೋಲ್ಟೇಜ್ ವ್ಯತ್ಯಾಸ ಇಲ್ಲದಿದ್ದರೆ ಆಯಿತು.

ಆದರೆ ಕೆಳಗೆ ನಿಂತವನು? ನನ್ನ ಪ್ರಕಾರ ಜಾಸ್ತಿ ಮರೆತುಹೋಗುವವನು ಇವನೇ. ಒಂದು ಲೆಕ್ಕ ನೋಡಿ. ಟವರ್ ಬುಡದಿಂದ ನೆಲಕ್ಕೆ 10 ಓಮ್ ರೋಧ ಇದೆ, 20 ಆಂಪಿಯರ್ ಇಳಿಯುತ್ತಿದೆ ಎಂದುಕೊಳ್ಳಿ. ದೂರದ ನೆಲಕ್ಕೆ ಹೋಲಿಸಿದರೆ ಟವರ್ ಈಗ 200 ವೋಲ್ಟ್ ಮೇಲಿದೆ. ಮೇಲಿದ್ದವನಿಗೆ ಅದು ಗೊತ್ತೇ ಆಗುವುದಿಲ್ಲ. ಸಾಮಾನು ಕೊಡಲು ಬಂದು ಟವರ್ ಕಾಲಿಗೆ ಕೈ ಊರಿದವನಿಗೆ ಅದರಲ್ಲಿ ದೊಡ್ಡ ಪಾಲು ಸಿಗುತ್ತದೆ. 100 ವೋಲ್ಟ್ ಸಿಕ್ಕಿತು, ಮೈಯ ರೋಧ 1000 ಓಮ್ ಅಂದುಕೊಂಡರೂ 100 ಮಿಲಿಆಂಪಿಯರ್ ಹರಿಯುತ್ತದೆ. ಹತ್ತು ಹದಿನೈದಕ್ಕೇ ಹಿಡಿದ ಕೈ ಬಿಡಲಾಗುವುದಿಲ್ಲ, ನೂರಕ್ಕೆ ಹೃದಯದ ಬಡಿತವೇ ತಪ್ಪಬಹುದು. ಟವರ್ ಬುಡದ ಸುತ್ತ ಹಗ್ಗ ಕಟ್ಟಿ ಜನರನ್ನು ದೂರ ಇಡುವುದು ಇದಕ್ಕೇ. ತಂತಿಗೆ ಬೆಸೆದ ಕ್ರೇನ್, ಲಾರಿಗಳಿಗೂ ಇದೇ ನಿಯಮ.

ಈ ಅರ್ಥಿಂಗ್ ಕೇಬಲ್‌ನ ಕ್ಲಾಂಪ್ ಹಾಕುವುದರಲ್ಲೂ ಕ್ರಮ ಇದೆ. ಮೊದಲು ಅರ್ಥ್ ಕಡೆಯ ತುದಿ, ಆಮೇಲೆ ಇನ್ಸುಲೇಟ್ ಆದ ಕೋಲಿನಿಂದ ತಂತಿ ಕಡೆಯದು. ತೆಗೆಯುವಾಗ ತಂತಿ ಕಡೆಯದೇ ಮೊದಲು, ಅದೂ ಅದೇ ಕೋಲಿನಿಂದ. ಉಲ್ಟಾ ಮಾಡಿ ಮೊದಲು ಅರ್ಥ್ ತುದಿ ಬಿಚ್ಚಿದರೆ, ಕೈಯಲ್ಲಿ ಉಳಿಯುವ ಕೇಬಲ್‌ನ ಇನ್ನೊಂದು ತುದಿ ಇನ್ನೂ ತಂತಿಯಲ್ಲೇ ಇರುತ್ತದೆ.