ಹುಟ್ಟಿದ ಮೊದಲ ವಾರದ ಹಾರ್ಮೋನು, ದೊಡ್ಡದಾದ ಮೇಲಿನ ಗರ್ಭಕೋಶ

ಮೈಸೂರಿನಲ್ಲಿ ಪ್ರಾಣಿಶಾಸ್ತ್ರದ ಎಂಎಸ್ಸಿ ಮಕ್ಕಳಿಗೆ ಸಂತಾನೋತ್ಪತ್ತಿ ಪಾಠ ಶುರು ಮಾಡುವಾಗ ನಾನು ಮೊದಲು ಎರಡು ಸ್ಲೈಡ್ ಕೊಡುತ್ತೇನೆ. ಎರಡೂ ಹೆಣ್ಣಿಲಿಯ ಅಂಡಾಶಯದವು. ಇಲಿಗಳ ವಯಸ್ಸೂ ಒಂದೇ. ಮೊದಲನೆಯದರಲ್ಲಿ ತಿಳಿ ಗುಲಾಬಿ ಬಣ್ಣದ ದುಂಡನೆಯ ಗಂಟುಗಳು ಕಾಣುತ್ತವೆ. ಅವು ಕಾರ್ಪಸ್ ಲೂಟಿಯಂ. ಅಂಡ ಹೊರಬಿದ್ದ ಜಾಗದಲ್ಲಿ ಬೆಳೆಯುವಂಥವು. ಎರಡನೆಯದರಲ್ಲಿ ಅಂಥದ್ದು ಒಂದೂ ಇಲ್ಲ. ಇರುವುದೆಲ್ಲ ನೀರು ತುಂಬಿದ ಚೀಲಗಳು. ಆ ಇಲಿ ಅಂಡ ಬಿಡುತ್ತಲೇ ಇರಲಿಲ್ಲ ಅಂತ ಅರ್ಥ. ಅದಕ್ಕೆ ಆಗಿದ್ದು ಇಷ್ಟೇ: ಹುಟ್ಟಿದ ಐದನೇ ದಿನ ಒಂದೇ ಒಂದು ಸಲ ಟೆಸ್ಟೋಸ್ಟಿರೋನ್ ಎಂಬ ಗಂಡು ಹಾರ್ಮೋನು ಚುಚ್ಚಿದ್ದರು.

ಸ್ಲೈಡುಗಳು ಹಳೆಯವು. ಉತ್ತರ ಗೊತ್ತಿರುವ ಪ್ರಯೋಗವನ್ನು ಬರೀ ತೋರಿಸುವುದಕ್ಕೆಂದು ಜೀವಂತ ಮರಿಗಳ ಮೇಲೆ ಮತ್ತೆ ಮಾಡಬಾರದು ಅನ್ನುವುದು ನನ್ನ ಗಟ್ಟಿ ನಿಲುವು.

ಈ ಪ್ರಯೋಗವನ್ನು ಹೆಸರುವಾಸಿ ಮಾಡಿದವರು ಅಮೆರಿಕದ ಚಾರ್ಲ್ಸ್ ಬ್ಯಾರಕ್ಲೋ, 1961ರಲ್ಲಿ. ಐದು ದಿನದ ಹೆಣ್ಣುಮರಿಗೆ 1.25 ಮಿಲಿಗ್ರಾಂ ಕೊಟ್ಟರೆ ಸಾಕು, ದೊಡ್ಡದಾದ ಮೇಲೆ ಬಂಜೆ. ಹತ್ತನೇ ದಿನ ಕೊಟ್ಟರೆ ಪರಿಣಾಮ ಕಡಿಮೆ. ಇಪ್ಪತ್ತನೇ ದಿನ ಕೊಟ್ಟರೆ ಏನೂ ಆಗುವುದಿಲ್ಲ. ಔಷಧಿ ಅದೇ, ಪ್ರಮಾಣ ಅದೇ, ದಿನ ಮಾತ್ರ ಬೇರೆ. ಇದನ್ನು ಅರ್ಥ ಮಾಡಿಕೊಂಡರೆ ಮುಂದಿನದೆಲ್ಲ ಸಲೀಸು.

ಯಾಕೆ ಹೀಗೆ? ಹೆಣ್ಣಿಲಿಯ ಮೆದುಳು ನಾಲ್ಕೈದು ದಿನಕ್ಕೊಮ್ಮೆ ಪಿಟ್ಯುಟರಿ ಗ್ರಂಥಿಗೆ ‘ಅಂಡ ಬಿಡಿಸು’ ಅಂತ ಸಂದೇಶ ಕಳಿಸುತ್ತದೆ. ಗಂಡಿಲಿಯ ಮೆದುಳು ಹೀಗೆ ಮಾಡುವುದಿಲ್ಲ. ಹೆಣ್ಣೋ ಗಂಡೋ ಅನ್ನುವ ಈ ವ್ಯತ್ಯಾಸ ತೀರ್ಮಾನವಾಗುವುದು ಹುಟ್ಟಿದ ಆಸುಪಾಸಿನ ಕೆಲವೇ ದಿನಗಳಲ್ಲಿ. ವಿಚಿತ್ರ ಅಂದರೆ, ಟೆಸ್ಟೋಸ್ಟಿರೋನ್ ಮೆದುಳಿನೊಳಗೆ ಹೋಗಿ ಹೆಣ್ಣು ಹಾರ್ಮೋನಾದ ಈಸ್ಟ್ರೋಜನ್ ಆಗಿ ಬದಲಾದ ಮೇಲೇ ಇಲಿಯಲ್ಲಿ ಈ ಕೆಲಸ ಬಹುಪಾಲು ನಡೆಯುವುದು. ಹಾಗಾದರೆ ತಾಯಿಯ ಈಸ್ಟ್ರೋಜನ್ನಿಂದಲೇ ಎಲ್ಲ ಹೆಣ್ಣುಮರಿಗಳೂ ಕೆಡಬೇಕಿತ್ತಲ್ವಾ? ಕೆಡುವುದಿಲ್ಲ. ಮರಿಯ ರಕ್ತದಲ್ಲಿ ಆಲ್ಫಾ ಫೀಟೋಪ್ರೋಟೀನ್ ಎಂಬ ಪ್ರೋಟೀನ್ ಇದೆ. ಅದು ಈಸ್ಟ್ರೋಜನ್ನನ್ನು ಹಿಡಿದಿಟ್ಟುಕೊಂಡು ಮೆದುಳಿಗೆ ಹೋಗಲು ಬಿಡುವುದಿಲ್ಲ. ಟೆಸ್ಟೋಸ್ಟಿರೋನನ್ನು ಅದು ಹಿಡಿಯುವುದಿಲ್ಲ.

ಇಲ್ಲಿಯವರೆಗಿನದು ಮೆದುಳಿನ ದಾರಿ. ನನಗೆ ಇದಕ್ಕಿಂತ ಮುಖ್ಯ ಅನ್ನಿಸುವುದು ಎರಡನೇ ದಾರಿ. ಇಲ್ಲಿ ಹಾರ್ಮೋನು ಅಂಗಾಂಶವನ್ನೇ ಬದಲಿಸಿಬಿಡುತ್ತದೆ.

ಇಲಿಯ ಯೋನಿಯಿಂದ ಸಲೈನಿನ ಒಂದು ಹನಿಯಲ್ಲಿ ಕೋಶಗಳನ್ನು ತೆಗೆದು ಗಾಜಿನ ಮೇಲಿಟ್ಟು ನೋಡುವುದು ನಮ್ಮ ಲ್ಯಾಬಿನಲ್ಲಿ ಬೆಳಗಿನ ಕೆಲಸ. ಸ್ಮಿಯರ್ ಅಂತೀವಿ. ಒಂದು ದಿನ ನಡುವೆ ನ್ಯೂಕ್ಲಿಯಸ್ ಇರುವ ದುಂಡು ಕೋಶಗಳು. ಇಲಿ ಬೆದೆಗೆ ಬಂದ ದಿನ ನ್ಯೂಕ್ಲಿಯಸ್ ಇಲ್ಲದ, ಅಂಚು ಮಡಚಿದ ಒಣಕಲು ಕೋಶಗಳು, ಅವಲಕ್ಕಿ ಚೆಲ್ಲಿದ ಹಾಗೆ. ಆಮೇಲೆ ಸಣ್ಣ ಸಣ್ಣ ಬಿಳಿ ರಕ್ತಕಣಗಳು ತುಂಬಿಕೊಳ್ಳುತ್ತವೆ. ಮತ್ತೆ ಮೊದಲಿನಿಂದ. ಆದರೆ ಎಳವೆಯಲ್ಲಿ ಹಾರ್ಮೋನು ಕಂಡ ಇಲಿಯಲ್ಲಿ ದಿನಾ ನೋಡಿದರೂ ಒಣಕಲು ಕೋಶಗಳೇ. ಚಕ್ರ ತಿರುಗುವುದೇ ಇಲ್ಲ.

ತಪ್ಪು ಮೆದುಳಿನದೋ ಯೋನಿಯದ್ದೋ? ಪತ್ತೆ ಮಾಡುವ ಉಪಾಯ ಸರಳ: ಅಂಡಾಶಯವನ್ನೇ ತೆಗೆದುಬಿಡುವುದು. ಬ್ಯಾರಕ್ಲೋ ಇಲಿಯಂಥದ್ದರಲ್ಲಿ ಅಂಡಾಶಯ ಹೋದರೆ ಈಸ್ಟ್ರೋಜನ್ ನಿಲ್ಲುತ್ತದೆ, ಒಣಕಲು ಕೋಶವೂ ನಿಲ್ಲುತ್ತದೆ. ಆದರೆ ಸುಂಡಿಲಿಯ ಮರಿಗಳಿಗೆ ಮೊದಲ ದಿನಗಳಲ್ಲೇ ಈಸ್ಟ್ರೋಜನ್ ಕೊಟ್ಟು ನೋಡಿದ ನೊಬೊರು ತಾಕಸುಗಿ, ಹೊವಾರ್ಡ್ ಬರ್ನ್ ತಂಡಕ್ಕೆ ಬೇರೆಯೇ ಕಂಡಿತು. ಅಂಡಾಶಯ ತೆಗೆದ ಮೇಲೂ ಯೋನಿಯ ಒಳಪದರ ಬೆದೆಯಲ್ಲಿದ್ದ ಹಾಗೇ ಉಳಿಯಿತು. ಹೇಳುವವರು ಯಾರೂ ಇಲ್ಲದಿದ್ದರೂ ಅಂಗಾಂಶ ತಾನಾಗಿಯೇ ಅದೇ ಕೆಲಸ ಮಾಡುತ್ತಿತ್ತು. ಇದು 1962ರ ಮಾತು. ಮರುವರ್ಷ ತೆಲ್ಮಾ ಡನ್ ಮತ್ತು ಗ್ರೀನ್, ಹುಟ್ಟಿದಾಗ ಈಸ್ಟ್ರೋಜನ್ ಪಡೆದ ಸುಂಡಿಲಿಗಳಲ್ಲಿ ಗರ್ಭಕಂಠದ ಕ್ಯಾನ್ಸರ್ ಕಂಡದ್ದನ್ನು ಪ್ರಕಟಿಸಿದರು.

ಈ ಎರಡು ವರ್ಷಗಳನ್ನು ದಯವಿಟ್ಟು ನೆನಪಿಡಿ. ಅದೇ ಕಾಲದಲ್ಲಿ ಅಮೆರಿಕದಲ್ಲಿ ಗರ್ಭಪಾತ ತಡೆಯಲೆಂದು ಬಸುರಿಯರಿಗೆ ಡಿಇಎಸ್ ಎಂಬ ಕೃತಕ ಈಸ್ಟ್ರೋಜನ್ ಕೊಡುತ್ತಲೇ ಇದ್ದರು. 1971ರಲ್ಲಿ ಬಾಸ್ಟನ್ನಿನ ವೈದ್ಯ ಆರ್ಥರ್ ಹರ್ಬ್ಸ್ಟ್ ಮತ್ತು ಜೊತೆಗಾರರು ಯೋನಿಯ ಅಪರೂಪದ ಕ್ಯಾನ್ಸರ್ ಬಂದ ಎಂಟು ಹೆಣ್ಣುಮಕ್ಕಳ ವರದಿ ಕೊಟ್ಟರು. ಏಳು ಜನರ ತಾಯಂದಿರು ಬಸುರಿಯಾಗಿದ್ದಾಗ ಡಿಇಎಸ್ ನುಂಗಿದ್ದರು. ಸುಂಡಿಲಿ ಎಂಟು ವರ್ಷ ಮೊದಲೇ ಸುಳಿವು ಕೊಟ್ಟಿತ್ತು. ಇದನ್ನು ಪಾಠ ಮಾಡುವಾಗ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಮುಂದೆ 1990ರಲ್ಲಿ ರೆಟಾ ನ್ಯೂಬೋಲ್ಡ್ ತಂಡ ಇನ್ನೊಂದು ಮುಖ್ಯ ವಿಷಯ ತೋರಿಸಿತು. ಹುಟ್ಟಿದ ಮೊದಲ ಐದು ದಿನ ಡಿಇಎಸ್ ಪಡೆದ ಸುಂಡಿಲಿಗಳಲ್ಲಿ, ಹೆಚ್ಚಿನ ಪ್ರಮಾಣ ಪಡೆದವುಗಳ ಪೈಕಿ 100ಕ್ಕೆ 90ರಷ್ಟಕ್ಕೆ 18 ತಿಂಗಳಾಗುವಷ್ಟರಲ್ಲಿ ಗರ್ಭಕೋಶದ ಕ್ಯಾನ್ಸರ್ ಬಂತು. ಆದರೆ ಪ್ರಾಯಕ್ಕೆ ಬರುವ ಮೊದಲೇ ಅಂಡಾಶಯ ತೆಗೆದವುಗಳಿಗೆ ಬರಲಿಲ್ಲ. ಅಂದರೆ ಎಳವೆಯಲ್ಲಿ ಆದದ್ದು ಒಂದೇ ಸಾಲದು. ಅದರ ಮೇಲೆ ಮೈಯದೇ ಈಸ್ಟ್ರೋಜನ್ ಬೀಳಬೇಕು. ಒಳಗೆ ಆಗಿರುವುದೇನು ಅಂತ ಹುಡುಕಿದಾಗ, ಗರ್ಭಕೋಶದ ಲ್ಯಾಕ್ಟೋಫೆರಿನ್ ಜೀನಿನ ಮೇಲಿನ ಮೀಥೈಲ್ ಗುರುತುಗಳು ಬದಲಾಗಿದ್ದು ಸಿಕ್ಕಿತು. ಜೀನಿನ ಅಕ್ಷರ ಬದಲಾಗಿಲ್ಲ, ಅದು ಯಾವಾಗ ಕೆಲಸ ಮಾಡಬೇಕು ಅನ್ನುವ ಗುರುತು ಬದಲಾಗಿದೆ. ಗಂಡಿಲಿಗಳೂ ಬಚಾವಲ್ಲ. ಎಳವೆಯಲ್ಲಿ ಈಸ್ಟ್ರೋಜನ್ ಜಾಸ್ತಿ ಬಿದ್ದರೆ ಪ್ರಾಸ್ಟೇಟ್ ಸಣ್ಣದಾಗೇ ಉಳಿಯುತ್ತದೆ, ವಯಸ್ಸಾದಂತೆ ಉರಿಯೂತ ಬರುತ್ತದೆ.

ಮಂಡ್ಯ ಕಡೆಯ ಹಸು ಸಾಕುವವರಿಗೆ ಇದರ ದಾಯಾದಿ ಸಂಗತಿಯೊಂದು ಗೊತ್ತೇ ಇರುತ್ತದೆ. ಗಂಡುಕರುವಿನ ಜೊತೆ ಅವಳಿಯಾಗಿ ಹುಟ್ಟಿದ ಹೆಣ್ಣುಕರು ಸಾಮಾನ್ಯವಾಗಿ ಗೊಡ್ಡಾಗುತ್ತದೆ, ನೂರಕ್ಕೆ ತೊಂಬತ್ತಕ್ಕೂ ಜಾಸ್ತಿ. ಹೊಟ್ಟೆಯೊಳಗೆ ಎರಡರ ರಕ್ತನಾಳಗಳೂ ಕೂಡಿಕೊಂಡು ಗಂಡಿನ ಹಾರ್ಮೋನು ಹೆಣ್ಣಿಗೆ ಹೋಗಿರುತ್ತದೆ. ಫ್ರಾಂಕ್ ಲಿಲ್ಲಿ ಇದನ್ನು 1916ರಲ್ಲೇ ವಿವರಿಸಿದ್ದರು. ಕಡಸಾಗುವವರೆಗೆ ಮೇವು ಹಾಕಿ ಕಾಯಬೇಡಿ. ಕರುವಾಗಿದ್ದಾಗಲೇ ಪಶುವೈದ್ಯರಿಗೆ ತೋರಿಸಿ. ಯೋನಿಯ ಉದ್ದ ನೋಡಿ ಅವರು ಅಂದಾಜು ಹೇಳುತ್ತಾರೆ.

ಹಾಗಂತ ಇಲಿಗೆ ಆಗಿದ್ದೆಲ್ಲ ನಮಗೂ ಆಗುತ್ತದೆ ಅಂತಲ್ಲ. ಮನುಷ್ಯರ ಆಲ್ಫಾ ಫೀಟೋಪ್ರೋಟೀನ್ ಈಸ್ಟ್ರೋಜನ್ನನ್ನು ಆ ಥರ ಹಿಡಿಯುವುದಿಲ್ಲ. ಹಾಗಾಗಿ ಮೆದುಳಿನ ದಾರಿಯನ್ನು ನೇರವಾಗಿ ನಮಗೆ ಹೊಂದಿಸುವುದು ತಪ್ಪು. ಅಂಗಾಂಶದ ದಾರಿ ಮಾತ್ರ ನಮ್ಮಲ್ಲೂ ನಿಜವೆಂದು ಡಿಇಎಸ್ ತೋರಿಸಿತು. ಇನ್ನು ದಿನಗಳ ಲೆಕ್ಕ. ಆಗತಾನೇ ಹುಟ್ಟಿದ ಸುಂಡಿಲಿಯ ಗರ್ಭಕೋಶದಲ್ಲಿ ಗ್ರಂಥಿಗಳೇ ಇರುವುದಿಲ್ಲ, ಆಮೇಲೆ ಮೂಡುತ್ತವೆ. ಮರಿಗೆ ಹುಟ್ಟಿದ ಮೇಲೆ ಆಗುವ ಇಂಥ ಎಷ್ಟೋ ಬೆಳವಣಿಗೆ ನಮ್ಮ ಮಕ್ಕಳಿಗೆ ತಾಯಿಯ ಹೊಟ್ಟೆಯಲ್ಲೇ ಆಗಿರುತ್ತದೆ. ಪ್ಲಾಸ್ಟಿಕ್ಕಿನಲ್ಲಿರುವ, ಈಸ್ಟ್ರೋಜನ್ ಥರ ಕೆಲಸ ಮಾಡುವ ರಾಸಾಯನಿಕದಿಂದ ಇಲಿಗಳು ಬಂಜೆಯಾದವು ಅಂತ ಸುದ್ದಿ ಓದಿದರೆ ಯಾವ ದಿನ ಕೊಟ್ಟರು, ಎಷ್ಟು ಕೊಟ್ಟರು, ಎಷ್ಟು ತಿಂಗಳಿಗೆ ನೋಡಿದರು ಅಂತ ಹುಡುಕಿ. ಮರಿ ಹಾಲು ಬಿಡುವ ಮೂರು ವಾರಕ್ಕೇ ನಿಲ್ಲಿಸಿದ ಅಧ್ಯಯನದಲ್ಲಿ ‘ಏನೂ ತೊಂದರೆ ಕಾಣಲಿಲ್ಲ’ ಅಂತಿದ್ದರೆ ನಾನು ನೆಚ್ಚುವುದಿಲ್ಲ.

ಮನೆಯ ಮಟ್ಟಿಗೆ ಒಂದು ಮಾತು. ಹಬ್ಬಕ್ಕೋ ಮದುವೆಗೋ ಮುಟ್ಟು ಮುಂದೂಡಲು ಮೆಡಿಕಲ್ ಶಾಪಿನಿಂದ ಸುಮ್ನೆ ಮಾತ್ರೆ ತಂದು ನುಂಗುವುದು ನಮ್ಮಲ್ಲಿ ರೂಢಿಯಾಗಿದೆ. ಅದೂ ಹಾರ್ಮೋನೇ. ಬಸುರಿರಬಹುದೇನೋ ಅನ್ನುವ ಸಣ್ಣ ಅನುಮಾನ ಇದ್ದರೂ ಮೊದಲು ಮೂತ್ರ ಪರೀಕ್ಷೆ ಮಾಡಿಸಿ, ವೈದ್ಯರನ್ನು ಕೇಳಿ, ಆಮೇಲೆ ಮಾತ್ರೆಯ ಯೋಚನೆ ಮಾಡಿ.