ಘಾಟಿ ರಸ್ತೆಗೆ ಎಷ್ಟು ಇಂಚಿನ ಚಕ್ರ ಬೇಕು?

ಕೊಡಗಿನಲ್ಲಿ ಕಾರಿನ ಹುಚ್ಚು ಇರುವ ಹುಡುಗರಿಗೆ ಬರವಿಲ್ಲ. ಗೋಣಿಕೊಪ್ಪ, ವಿರಾಜಪೇಟೆ ಕಡೆ ಆಟೋಕ್ರಾಸ್ (ಮಣ್ಣಿನ ಬಯಲಿನ ಕಾರ್ ರೇಸ್) ಅಂದರೆ ಊರಿಗೆ ಊರೇ ಸೇರುತ್ತದೆ. ಇಂಥವರು ಕಾರು ಕೊಂಡ ಮೇಲೆ ಮಾಡುವ ಮೊದಲ ಖರ್ಚು ಬಹಳ ಸಲ ದೊಡ್ಡ ಅಲಾಯ್ ಚಕ್ರದ್ದು. 15 ಇಂಚು ಇದ್ದದ್ದು 17 ಆಗುತ್ತದೆ. ನೋಡಲು ಚೆಂದ, ಒಪ್ಪೋಣ. ಆದರೆ ಸಂಪಾಜೆ ಘಾಟಿಯ ತಿರುವಿನಲ್ಲಿ ಕಾರು ಮೊದಲಿಗಿಂತ ಚೆನ್ನಾಗಿ ಮಾತು ಕೇಳುತ್ತದೆಯೇ?

ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಅಂಕಿಗಳಿಂದಲೇ ಶುರು ಮಾಡೋಣ. 185/65 ಆರ್15 ಎಂದಿದ್ದರೆ ಟೈರಿನ ಅಗಲ 185 ಮಿ.ಮೀ. ರಿಮ್ಮಿನ (ಚಕ್ರದ ಲೋಹದ ಭಾಗ) ಅಂಚಿನಿಂದ ಹೊರಗಿರುವ ರಬ್ಬರ್ ಗೋಡೆಯ ಎತ್ತರ ಆ ಅಗಲದ ಶೇ. 65, ಅಂದರೆ ಸುಮಾರು 120 ಮಿ.ಮೀ. ರಿಮ್ಮಿನ ವ್ಯಾಸ 15 ಇಂಚು. ಗೋಡೆಯನ್ನು ಮೇಲೆ ಕೆಳಗೆ ಎರಡು ಸಲ ಕೂಡಿದರೆ ಒಟ್ಟು ವ್ಯಾಸ 621 ಮಿ.ಮೀ. ಆಸುಪಾಸು ಬರುತ್ತದೆ. ಇದೇ ಕಾರಿಗೆ 195/55 ಆರ್16 ಹಾಕಿದರೂ ವ್ಯಾಸ 621 ಮಿ.ಮೀ., ಗೋಡೆ ಮಾತ್ರ 107ಕ್ಕೆ ಇಳಿಯುತ್ತದೆ. 205/45 ಆರ್17 ಹಾಕಿದರೆ ವ್ಯಾಸ 616, ಗೋಡೆ ಬರೀ 92. ಒಟ್ಟು ವ್ಯಾಸ ಹೀಗೆ ಹೆಚ್ಚುಕಮ್ಮಿ ಅಷ್ಟೇ ಉಳಿಯಬೇಕು. ಅದು ಬೆಳೆದರೆ ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುತ್ತದೆ, ಏರಿನಲ್ಲಿ ಎಳೆತವೂ ಕುಗ್ಗುತ್ತದೆ.

ಗೋಡೆ ಗಿಡ್ಡವಾದರೆ ಏನು ಲಾಭ? ಸ್ಟೇರಿಂಗ್ ತಿರುಗಿಸಿದಾಗ ಮೊದಲು ತಿರುಗುವುದು ರಿಮ್. ನೆಲಕ್ಕೆ ತಾಗಿರುವ ರಬ್ಬರ್ ಸ್ವಲ್ಪ ತಡವಾಗಿ, ಸ್ವಲ್ಪ ತಿರುಚಿಕೊಂಡು ಹಿಂದೆ ಬರುತ್ತದೆ. ಹಾಗಾಗಿ ಟೈರು ಮುಖ ಮಾಡಿದ ದಿಕ್ಕಿಗೂ ಅದು ಸಾಗುವ ದಿಕ್ಕಿಗೂ ನಡುವೆ ಒಂದು ಚಿಕ್ಕ ಕೋನ ಇರುತ್ತದೆ. ಕಾರನ್ನು ತಿರುವಿನ ಒಳಕ್ಕೆ ತಳ್ಳುವ ಬಲ ಹುಟ್ಟುವುದು ಈ ಕೋನದಿಂದಲೇ. ಗಿಡ್ಡ ಗೋಡೆ ಕಡಿಮೆ ಬಾಗುತ್ತದೆ, ಬಲ ಬೇಗ ಸಿಗುತ್ತದೆ, ಸ್ಟೇರಿಂಗ್ ಚುರುಕಾಗುತ್ತದೆ. ಫಾರ್ಮುಲಾ 1 ಕಾರುಗಳು 2022ರಲ್ಲಿ 13 ಇಂಚಿನ ರಿಮ್ ಬಿಟ್ಟು 18 ಇಂಚಿಗೆ ಬಂದವು. ಆ ಟೈರುಗಳ ಗೋಡೆ ಈಗ ಮೊದಲಿನಷ್ಟು ಬಾಗುವುದಿಲ್ಲ.

ಅಗಲದ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಟೈರು ಅಗಲವಾದರೆ ನೆಲಕ್ಕೆ ಜಾಸ್ತಿ ರಬ್ಬರ್ ತಾಗುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಲೆಕ್ಕ ಹಾಕಿ ನೋಡಿ. 1,000 ಕಿಲೋ ಕಾರಿನ ಒಂದೊಂದು ಚಕ್ರದ ಮೇಲೆ ಸರಾಸರಿ 250 ಕಿಲೋ ಭಾರ. ಗಾಳಿಯ ಒತ್ತಡ 32 ಪಿಎಸ್ಐ ಇದ್ದರೆ ಆ ಭಾರ ಹೊರಲು ಸುಮಾರು 110 ಚದರ ಸೆಂ.ಮೀ. ಸಾಕು. ಅಂಗೈಗಿಂತ ಸ್ವಲ್ಪ ದೊಡ್ಡ ಜಾಗ ಅಷ್ಟೆ. ಗಾಳಿ ಅಷ್ಟೇ ಇದ್ದರೆ ಅಗಲದ ಟೈರಿಗೂ ಹತ್ತಿರಹತ್ತಿರ ಇಷ್ಟೇ ಜಾಗ. ಬದಲಾಗುವುದು ಆಕಾರ: ಅಡ್ಡಕ್ಕೆ ಅಗಲ, ಉದ್ದಕ್ಕೆ ಗಿಡ್ಡ. ಒಣ ಡಾಂಬರಿನ ತಿರುವಿನಲ್ಲಿ ಈ ಆಕಾರ ಒಳ್ಳೆಯದು. ಅಗಲದ ಟೈರು ಅದೇ ಭಾರವನ್ನು ಕಡಿಮೆ ಗಾಳಿಯಲ್ಲೂ ಹೊರಬಲ್ಲದು, ಆಗ ಮಾತ್ರ ತಾಗುವ ಜಾಗ ನಿಜಕ್ಕೂ ಹೆಚ್ಚುತ್ತದೆ.

ಮಳೆಯಲ್ಲಿ ಲೆಕ್ಕ ತಿರುಗುಮುರುಗು. ಮಡಿಕೇರಿಗೆ ವರ್ಷಕ್ಕೆ 3,000 ಮಿ.ಮೀ.ಗೂ ಜಾಸ್ತಿ ಮಳೆ. ರಸ್ತೆ ಮೇಲೆ ನಿಂತ ನೀರನ್ನು ಟೈರು ಪಕ್ಕಕ್ಕೆ ತಳ್ಳಬೇಕು, ಇಲ್ಲದಿದ್ದರೆ ಅದು ನೀರಿನ ಮೇಲೆ ತೇಲುತ್ತದೆ. ಅಗಲ ಜಾಸ್ತಿಯಾದಷ್ಟೂ ತಳ್ಳಬೇಕಾದ ನೀರೂ ಜಾಸ್ತಿ. 1960ರ ದಶಕದಲ್ಲಿ ನಾಸಾದವರು ವಿಮಾನದ ಟೈರುಗಳನ್ನು ಪರೀಕ್ಷಿಸಿ, ತೇಲುವ ವೇಗ ಗಾಳಿಯ ಒತ್ತಡದ ವರ್ಗಮೂಲಕ್ಕೆ ತಕ್ಕಂತೆ ಏರುತ್ತದೆ ಎಂದು ಕಂಡುಕೊಂಡರು. ಆ ಸೂತ್ರದಂತೆ 32 ಪಿಎಸ್ಐಗೆ ಗಂಟೆಗೆ ಸುಮಾರು 94 ಕಿ.ಮೀ. ಕಾರಿನ ಟೈರಿಗೆ ಇದು ಅಂದಾಜು ಮಾತ್ರ. ಟೈರಿನ ಮೈಮೇಲಿನ ಗೆರೆ ಸವೆದಿದ್ದರೆ, ಗಾಳಿ ಇಳಿದಿದ್ದರೆ ಅಪಾಯ ಇನ್ನೂ ಬೇಗ ಬರುತ್ತದೆ. ಕಾನೂನು 1.6 ಮಿ.ಮೀ. ಆಳದ ಗೆರೆ ಸಾಕು ಅನ್ನುತ್ತದೆ. ಆಷಾಢದ ಕೊಡಗಿಗೆ ಅದು ಸಾಲದು ಅನ್ನುವುದು ನನ್ನ ಅಭಿಪ್ರಾಯ.

ಇನ್ನು ಗುಂಡಿಗಳು. ದೊಡ್ಡ ರಿಮ್ ಸಾಮಾನ್ಯವಾಗಿ ಭಾರವೂ ಹೌದು. ಆ ಭಾರವನ್ನು ಸ್ಪ್ರಿಂಗ್ ಹೊತ್ತಿರುವುದಿಲ್ಲ. ಚಕ್ರ ಭಾರವಾದಷ್ಟೂ ಗುಂಡಿ ಹಾರಿ ಮತ್ತೆ ನೆಲ ಹಿಡಿಯುವುದು ತಡ. ನೆಲ ಬಿಟ್ಟ ಟೈರಿಗೆ ಗ್ರಿಪ್ ಎಲ್ಲಿಂದ ಬರಬೇಕು? ಗಿಡ್ಡ ಗೋಡೆಯಾದರೆ ರಿಮ್ಮೇ ಸೊಟ್ಟಗಾಗುವ ಭಯ ಬೇರೆ. ವಿಶ್ವ ರ‍್ಯಾಲಿ ಕಾರುಗಳನ್ನು ನೋಡಿ. ಡಾಂಬರಿನಲ್ಲಿ 235/40 ಆರ್18, ಜಲ್ಲಿ ರಸ್ತೆಯಲ್ಲಿ 205/65 ಆರ್15. ಎರಡರ ವ್ಯಾಸಕ್ಕೂ ಬರೀ 2 ಮಿ.ಮೀ. ವ್ಯತ್ಯಾಸ. ಅದೇ ಕಾರು, ಅದೇ ಚಾಲಕ, ರಸ್ತೆ ಕೆಟ್ಟಾಗ ರಿಮ್ ಮೂರು ಇಂಚು ಚಿಕ್ಕದು! ನಮ್ಮ ತೋಟದ ದಾರಿಗಳು ಯಾವ ಗುಂಪಿಗೆ ಸೇರುತ್ತವೆ ಅಂತ ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ತಿರುವಿನ ಮಜಾಕ್ಕೇ ಹೆಸರಾದ ಟೊಯೋಟಾ ಜಿಟಿ86 ಬಂದಾಗ ಅದಕ್ಕಿದ್ದದ್ದು 215/45 ಆರ್17, ಪ್ರಿಯಸ್ ಕಾರಿಗೂ ಕೊಡುತ್ತಿದ್ದ ಸಾಧಾರಣ ಟೈರು. ಮಜ್ದಾ ಎಂಎಕ್ಸ್-5ರ 1.5 ಲೀಟರ್ ಕಾರಿಗೆ 195/50 ಆರ್16. ಯಾವುದೂ ದೈತ್ಯ ಚಕ್ರವಲ್ಲ.

ನನ್ನನ್ನು ಕೇಳಿದರೆ, 15 ಇಂಚಿನ ಕಾರನ್ನು 16ಕ್ಕೆ ಏರಿಸಿ ನಿಲ್ಲಿಸಿ. ಅದಕ್ಕೂ ಮೊದಲು ದುಡ್ಡನ್ನು ಒಳ್ಳೆಯ ರಬ್ಬರಿಗೆ ಹಾಕಿ. ಸಿಲಿಕಾ ಬೆರೆಸಿದ ಟೈರು ಒದ್ದೆ ರಸ್ತೆಯನ್ನು ಹಿಡಿಯುವ ರೀತಿಯೇ ಬೇರೆ. ರಿಮ್ಮಿನ ಅಗಲವೂ ಟೈರಿಗೆ ಹೊಂದಬೇಕು: 195/55 ಆರ್16ಕ್ಕೆ 5.5ರಿಂದ 7 ಇಂಚು. ಬೋಲ್ಟಿನ ಅಳತೆ, ರಿಮ್ ಎಷ್ಟು ಒಳಕ್ಕೆ ಕೂರುತ್ತದೆ ಎಂಬುದು ಕಂಪನಿ ಕೊಟ್ಟಂತೆಯೇ ಇರಲಿ. ಹಾಕಿಸಿದ ಮೇಲೆ ನಾಲ್ಕು ಜನರನ್ನು ಕೂರಿಸಿ, ಸ್ಟೇರಿಂಗ್ ಪೂರ್ತಿ ತಿರುಗಿಸಿ, ಎಲ್ಲಾದರೂ ಉಜ್ಜುತ್ತದೆಯೇ ನೋಡಿ. ಒಟ್ಟು ವ್ಯಾಸ ಬದಲಾಗದ ಕಾರಣ ಡಿಕ್ಕಿಯಲ್ಲಿರುವ ಹಳೆಯ 15 ಇಂಚಿನ ಸ್ಟೆಪ್ನಿಯನ್ನು ಮಾರಬೇಕಿಲ್ಲ. ಮಾಕುಟ್ಟದ ಕಾಡಿನಲ್ಲಿ ಪಂಕ್ಚರ್ ಆದರೆ ನಿಧಾನವಾಗಿ ವಿರಾಜಪೇಟೆ ಮುಟ್ಟಲು ಅದೇ ಸಾಕು.